ಮಾತಾಡಿ, ಫೋನು ಬರೆದುಕೊಳ್ಳಲಿ

ಫೋನಿನಲ್ಲಿ ಕನ್ನಡ ಓದುವವರು ಬಹಳ, ಬರೆಯುವವರು ಕಡಿಮೆ. ‘ಜ್ಞ’ಕ್ಕೆ ಯಾವ ಕೀಲಿ, ಒತ್ತು ಕೊಡುವುದು ಹೇಗೆ ಎಂದು ತಡಕಾಡಿ ಸಾಕಾಗಿ, ಇಂಗ್ಲಿಷ್ ಅಕ್ಷರಗಳಲ್ಲೇ ‘ಊಟ ಆಯ್ತಾ’ ಎಂದು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅಂಥವರು ಕೀಲಿಮಣೆ ಕಲಿಯಲೇಬೇಕೆಂದಿಲ್ಲ. ಗೂಗಲ್ 2017ರ ಆಗಸ್ಟ್‌ನಲ್ಲೇ ಕನ್ನಡವೂ ಸೇರಿದಂತೆ ಭಾರತದ ಇನ್ನೂ ಎಂಟು ಭಾಷೆಗಳಿಗೆ ಧ್ವನಿ ಟೈಪಿಂಗ್ ತಂದಿತು. ಅದು ತಮ್ಮ ಜೇಬಿನಲ್ಲೇ ಇದೆ ಎಂದು ತಿಳಿಯದವರು ಈಗಲೂ ಬೇಕಾದಷ್ಟಿದ್ದಾರೆ.

ಮೊದಲು ಕನ್ನಡ ಸೇರಿಸಿ

ಆ್ಯಂಡ್ರಾಯ್ಡ್ ಫೋನಾದರೆ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಇದೆಯೇ ನೋಡಿ. ಇಲ್ಲದಿದ್ದರೆ ಪ್ಲೇ ಸ್ಟೋರ್‌ನಿಂದ ಉಚಿತವಾಗಿ ಹಾಕಿಕೊಳ್ಳಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಲ್ಯಾಂಗ್ವೇಜಸ್’ ತೆರೆದು, ‘ಆ್ಯಡ್ ಕೀಬೋರ್ಡ್’ ಒತ್ತಿ ಕನ್ನಡ ಆರಿಸಿ. ಅಲ್ಲಿ ಕನ್ನಡ ಅಕ್ಷರಗಳ ಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಮಣೆ, ಕೈಬರಹ ಎಲ್ಲವೂ ಸಿಗುತ್ತವೆ. ಕೈಬರಹಕ್ಕೂ ಗುರುತು ಹಾಕಿಬಿಡಿ, ಮುಂದೆ ಬೇಕಾಗುತ್ತದೆ. ಆಮೇಲೆ ಸ್ಪೇಸ್‌ಬಾರನ್ನು ಒತ್ತಿ ಹಿಡಿದರೆ ಭಾಷೆ ಬದಲಿಸಬಹುದು.

ಮೈಕ್ ಎರಡಿವೆ, ಎಚ್ಚರ

ಹೊಸಬರು ಎಡವುವುದು ಇಲ್ಲೇ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶದ ಡಬ್ಬಿಯ ಪಕ್ಕದಲ್ಲಿರುವ ಮೈಕ್ ಒತ್ತಿದರೆ ನಿಮ್ಮ ದನಿಯೇ ರೆಕಾರ್ಡ್ ಆಗಿ ಹೋಗುತ್ತದೆ. ಬರಹವಾಗಬೇಕಿದ್ದರೆ ಒತ್ತಬೇಕಾದದ್ದು ಕೀಲಿಮಣೆಯ ಮೇಲಂಚಿನ ಮೈಕ್. ಮೊದಲ ಸಲ ಫೋನು ಅನುಮತಿ ಕೇಳುತ್ತದೆ. ಆ್ಯಪ್ ಬಳಸುವಾಗ ಮಾತ್ರ ಎಂಬುದನ್ನು ಆರಿಸಿದರೆ ಸಾಕು. ಮಣೆ ಇಂಗ್ಲಿಷ್‌ನಲ್ಲಿದ್ದು ನೀವು ಕನ್ನಡ ಮಾತಾಡಿದರೆ ನಗೆಪಾಟಲಿನ ಫಲಿತಾಂಶ ಖಚಿತ. ಸಾಮಾನ್ಯವಾಗಿ ನೆಟ್ ಕೂಡ ಆನ್ ಆಗಿರಬೇಕು.

ಹೇಗೆ ಮಾತಾಡಬೇಕು

ಪಾಠ ಒಪ್ಪಿಸುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಬೇಡಿ. ಅಕ್ಕಪಕ್ಕದ ಪದ ನೋಡಿ ಅಂದಾಜು ಮಾಡುವುದು ಯಂತ್ರದ ಕ್ರಮ. ‘ಅಕ್ಕಿ’ ಎಂದಷ್ಟೇ ಹೇಳಿದರೆ ಅದು ‘ಹಕ್ಕಿ’ ಎಂದು ಬರೆದರೂ ಬರೆದೀತು; ‘ಅಂಗಡಿಯಿಂದ ಎರಡು ಕೆಜಿ ಅಕ್ಕಿ ತಗೊಂಡು ಬಾ’ ಎಂದರೆ ಹಕ್ಕಿ ಬರುವ ಸಂಭವ ಕಡಿಮೆ. ಅಕಾರ ಹಕಾರ ಅದಲುಬದಲಾಗುವ ನಾಲಿಗೆಯವರಿಗೆ ಇದೊಂದು ವರದಾನ. ತಪ್ಪಾದಾಗಲೂ ಅಷ್ಟೆ, ಒಂದು ಪದವನ್ನೇ ಮತ್ತೆ ಮತ್ತೆ ಕಿರುಚದೆ ಆ ವಾಕ್ಯವನ್ನು ಅಳಿಸಿ ಇಡಿಯಾಗಿ ಇನ್ನೊಮ್ಮೆ ಹೇಳಿ.

‘ಬರ್ತೀನಿ’, ‘ಮಾಡ್ತೀನಿ’ಗಳನ್ನು ಅದು ಸಲೀಸಾಗಿ ಹಿಡಿಯುತ್ತದೆ. ‘ಹೊಂಟೇನ್ರಿ’, ‘ಮಾಡಾಕತ್ತೀನಿ’ ಬಂದಾಗ ತಡವರಿಸುವುದುಂಟು. ಧಾರವಾಡದವರು ಯಂತ್ರಕ್ಕಾಗಿ ತಮ್ಮ ಮಾತು ಬದಲಿಸಿಕೊಳ್ಳಬೇಕಾಗಿ ಬಂದಿರುವುದು ನನಗೇನೂ ಸರಿಕಾಣುವುದಿಲ್ಲ, ಆದರೆ ಸದ್ಯದ ಸ್ಥಿತಿ ಹೀಗಿದೆ. ಮಿಕ್ಸಿ, ಟಿವಿ ಗದ್ದಲದಿಂದ ದೂರ ಹೋಗಿ. ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆಗಳನ್ನು ಕೈಯಿಂದಲೇ ಹಾಕಿಕೊಳ್ಳುವುದು ಮೇಲು.

ಹೆಸರು, ಇನಿಷಿಯಲ್, ಮನೆ ನಂಬರ್, ಹಣದ ಮೊತ್ತ ಇವನ್ನು ಬಾಯಿಗೆ ಬಿಡಬೇಡಿ, ಟೈಪ್ ಮಾಡಿ. ಒಟಿಪಿ, ಪಿನ್, ಪಾಸ್‌ವರ್ಡ್ ಅಂತೂ ಬಸ್ಸಿನಲ್ಲಿ ಪಕ್ಕದವರ ಕಿವಿಗೂ ಬೀಳುತ್ತದೆ ಎಂಬುದು ನೆನಪಿರಲಿ.

ಬೆರಳಿನಿಂದ ಬರೆಯುವುದು

ಆಸ್ಪತ್ರೆಯಲ್ಲೋ ಸಭೆಯಲ್ಲೋ ಕೂತಾಗ ಮಾತಾಡಲಾಗದು. ಆಗ ಕೈಬರಹದ ಮಣೆಗೆ ಬದಲಿಸಿ, ಖಾಲಿ ಜಾಗದಲ್ಲಿ ಬೆರಳಿನಿಂದ ‘ವಿಜ್ಞಾನ’ ಎಂದು ಬರೆಯಿರಿ. ಗೆರೆಗಳು ಮಾಯವಾಗಿ ಅಚ್ಚಿನ ಅಕ್ಷರ ಮೂಡುತ್ತದೆ. ಒತ್ತಕ್ಷರವನ್ನು ಅದರ ಜಾಗದಲ್ಲಿ, ಅಕ್ಷರದ ಕೆಳಗೇ ಬರೆದರಾಯಿತು. ಸ್ಲೇಟು ಹಿಡಿದು ಕಲಿತ ತಲೆಮಾರಿಗೆ ಇದು ಮಾತಿಗಿಂತಲೂ ಬೇಗ ಒಗ್ಗುತ್ತದೆ. ಇತ್ತ ವಿದೇಶದಲ್ಲಿ ಬೆಳೆದು, ಮನೆಯಲ್ಲಿ ಕನ್ನಡ ಆಡುತ್ತ ಬರೆಯಲು ಮಾತ್ರ ಬಾರದ ಮೊಮ್ಮಕ್ಕಳಿಗೆ ಮೈಕೇ ಸರಿ.

ಉದ್ದನೆಯ ಬರಹವಿದ್ದರೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ‘ಟೂಲ್ಸ್’ ಪಟ್ಟಿಯಿಂದ ‘ವಾಯ್ಸ್ ಟೈಪಿಂಗ್’ ಒತ್ತಿ. ಮೈಕಿನ ಮೇಲಿರುವ ಭಾಷೆಯನ್ನು ಕನ್ನಡಕ್ಕೆ ಬದಲಿಸಲು ಮರೆಯದಿರಿ.

ಫೋನಿನ ಈ ಹೊಂದಾಣಿಕೆ ಒಮ್ಮೆ ಮಾಡಿದರೆ ಮುಗಿಯಿತು. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರ ಅವರ ಫೋನಿಗೂ ಮಾಡಿಕೊಡಿ, ಮೊದಲ ಸಂದೇಶವನ್ನು ಅವರೇ ಕಳಿಸಲಿ.