ಮೊಣಕಾಲಿನ ಪೆಟ್ಟು ಮತ್ತು ಶ್ರವಣಾತೀತ ಧ್ವನಿ

ಆಟದ ಬಯಲಿನಲ್ಲಿ ಮೊಣಕಾಲಿಗೆ ಪೆಟ್ಟಾದ ವಿದ್ಯಾರ್ಥಿಯ ನೋವು ಶಮನವಾದ ಮೇಲೂ ತೊಡೆ ಸೊರಗಿರುವುದುಂಟು. ಕೀಲು ಬಾತಾಗ ಅಲ್ಲಿಂದ ಹೊರಡುವ ನರಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವಿಗೆ ದೊರೆಯುವ ಪ್ರೇರಣೆಯನ್ನು ತಗ್ಗಿಸುತ್ತವೆ. ದುಡಿಮೆಯಿಲ್ಲದ ಸ್ನಾಯು ದಿನೇ ದಿನೇ ಕ್ಷೀಣಿಸುತ್ತದೆ.

ಇಂಥವರಿಗೆ ಶ್ರವಣಾತೀತ ಧ್ವನಿಯ, ಎಂದರೆ ಅಲ್ಟ್ರಾಸೌಂಡ್ ಚಿಕಿತ್ಸೆ ನೀಡುವ ರೂಢಿಯಿದೆ. ಮಾನವನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ; ಈ ಉಪಕರಣದ ಕಂಪನಗಳಾದರೋ ಸಾಮಾನ್ಯವಾಗಿ 10 ಲಕ್ಷ ಇಲ್ಲವೆ 30 ಲಕ್ಷ. 1880ರಲ್ಲಿ ಕ್ಯೂರಿ ಸಹೋದರರು ಸ್ಫಟಿಕಗಳಲ್ಲಿ ಕಂಡ ವಿದ್ಯುತ್‌ ಗುಣವೇ ಇದರ ಮೂಲ. ಗಾಳಿಯ ಪದರವು ಈ ಅಲೆಗಳನ್ನು ತಡೆಯುವುದರಿಂದ ಚರ್ಮಕ್ಕೆ ಜೆಲ್‌ ಲೇಪಿಸುತ್ತಾರೆ. 10 ಲಕ್ಷದ ಅಲೆಗಳು ಹೆಚ್ಚು ಆಳಕ್ಕಿಳಿಯುತ್ತವೆ; ಅಂಗಾಂಶವು ಬೆಚ್ಚಗಾಗುತ್ತದೆ.

ಆದರೆ ಶಾಖವೇ ಶಕ್ತಿಯಲ್ಲ. ಯಂತ್ರದ ಕೆಳಗೆ ಸುಮ್ಮನೆ ಚಾಚಿದ ಕಾಲಿನ ಸ್ನಾಯು ದುಡಿದಂತಾಗಲಿಲ್ಲ. ಕ್ರಮೇಣ ಭಾರವನ್ನು ಹೆಚ್ಚಿಸುತ್ತ ಮಾಡುವ ವ್ಯಾಯಾಮದಿಂದ ಸ್ನಾಯುಬಲ ಮರಳುವುದೆಂದು ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ ಪ್ರಕಟಿಸಿದರು. ಕಾಲು ನೀಡಿ ಕುಳಿತು, ಮೊಣಕಾಲಿನ ಕೆಳಗಿಟ್ಟ ಟವೆಲ್ಲಿನ ಸುರುಳಿಯನ್ನು ಐದೆಣಿಸುವವರೆಗೆ ಒತ್ತಿ ಹಿಡಿಯುವುದು ಇದರ ಮೊದಲ ಮೆಟ್ಟಿಲು. ಮುಂದಿನ ಮೆಟ್ಟಿಲುಗಳನ್ನು ವೈದ್ಯರ ಸಲಹೆಯಂತೆ ಏರಬೇಕು.

ತೊಡೆಯ ಬಲ ಮರಳುವ ಮುನ್ನ ಬಾಲಕನನ್ನು ಮೈದಾನಕ್ಕಿಳಿಸಿದರೆ ಮೊಣಕಾಲು ಮತ್ತೆ ಪೆಟ್ಟು ತಿನ್ನಬಹುದು. ನೋವಿಲ್ಲವೆಂಬ ಮಾತನ್ನಷ್ಟೇ ನಂಬದೆ, ಎರಡು ಕಾಲುಗಳ ಬಲವನ್ನೂ ಹೋಲಿಸಿ ನೋಡಿಸುವುದು ಶಿಕ್ಷಕರ ಹೊಣೆ.