ಗ್ರಾಮಸಭೆಯ ಪ್ರಕಟಣೆ: ವಿನ್ಯಾಸಕ್ಕೆ ಮುನ್ನ ವಿಷಯ

ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳು ಅಂದಿನ ಸಾರ್ವಜನಿಕ ಪ್ರಕಟಣೆಗಳು. ದಾನ ನೀಡಿದವರು ಯಾರು, ನೀಡಿದ್ದೇನು ಎಂಬುದನ್ನು ಅವು ಎಲ್ಲರೆದುರು ಸಾರಿದವು. ಗ್ರಾಮಸಭೆಯ ಪ್ರಕಟಣೆಯಲ್ಲಿಯೂ ಅದೇ ಸ್ಪಷ್ಟತೆ ಇರಬೇಕು.

1993ರ ಪಂಚಾಯತ್ ರಾಜ್ ಅಧಿನಿಯಮದನ್ವಯ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ವಸತಿ ಮೊದಲಾದ ಯೋಜನೆಗಳ ಫಲಾನುಭವಿಗಳ ಆಯ್ಕೆ ನಡೆಯುವುದು ಅಲ್ಲಿಯೇ. ದಿನಾಂಕ ತಿಳಿಯದ ಬಡ ಕುಟುಂಬವು ಮನೆಯ ಅವಕಾಶವನ್ನೇ ಕಳೆದುಕೊಳ್ಳಬಹುದು. ಆದುದರಿಂದ ವಿನ್ಯಾಸಕಾರರಿಗೆ ಕೆಲಸ ವಹಿಸುವಾಗ ಮಾನ್ಯ ಸದಸ್ಯರು ಗಮನಿಸಬೇಕಾದ ಅಂಶಗಳು:

1. ದಿನಾಂಕ, ವಾರ, ವೇಳೆ, ಸ್ಥಳ ಹಾಗೂ ಚರ್ಚಾ ವಿಷಯಗಳು ಮೇಲ್ಭಾಗದಲ್ಲಿ ದಪ್ಪಕ್ಷರಗಳಲ್ಲಿರಲಿ. ಭಾವಚಿತ್ರಗಳು ಆ ಸ್ಥಳವನ್ನು ಆಕ್ರಮಿಸದಿರಲಿ.

2. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕು. ಇಲ್ಲವಾದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

3. ಚಿತ್ರದೊಂದಿಗೆ ಅದೇ ವಿಷಯವನ್ನು ಪಠ್ಯವಾಗಿಯೂ ಕಳುಹಿಸಿದರೆ ದೃಷ್ಟಿಹೀನರಿಗೆ ಮೊಬೈಲ್ ಅದನ್ನು ಓದಿ ಹೇಳಬಲ್ಲದು. ಓದಲು ಬಾರದವರಿಗಾಗಿ ಡಂಗುರ ಅಥವಾ ಧ್ವನಿವರ್ಧಕದ ವ್ಯವಸ್ಥೆಯಾಗಲಿ.

4. ದಾವಣಗೆರೆಯ ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ ಕರಡನ್ನು ಗ್ರಾಮಸ್ಥರೊಬ್ಬರಿಗೆ ತೋರಿಸಿ, "ಸಭೆ ಎಂದು? ಎಲ್ಲಿ?" ಎಂದು ಕೇಳಬೇಕು. ಅವರು ಉತ್ತರಕ್ಕಾಗಿ ತಡಕಾಡಿದರೆ ಕರಡನ್ನು ತಿದ್ದತಕ್ಕದ್ದು.