ಗ್ಯಾಲರಿಯಿಂದ ಬಂದ ಚೀಟಿ

ಶಾಸಕರಾಗುವ ಹಂಬಲವನ್ನು ಹೊತ್ತು ನನ್ನಲ್ಲಿಗೆ ಬರುವ ತರುಣರಿಗೆ, ಮೊದಲು ಸದನದ ಕಾರ್ಯವಿಧಾನ ನಿಯಮಗಳನ್ನು ಓದಿರೆಂದು ನಾನು ಹೇಳಿದರೆ, ಅವರು ವಿನಯದಿಂದ ನಕ್ಕು ಟಿಕೆಟ್ಟಿನ ಮಾತೆತ್ತುತ್ತಾರೆ. ರಾಜ್ಯಕ್ಕೆ ಪ್ರಪ್ರಥಮ ಕಾಂಗ್ರೆಸ್ಸೇತರ ಸರ್ಕಾರವನ್ನು ತಂದ 1983ರ ಚುನಾವಣೆಯಲ್ಲಿ ಪಕ್ಷೇತರನಾಗಿ ಗೆದ್ದು, 224 ಮಂದಿಯಲ್ಲೊಬ್ಬನಾಗಿ ವಿಧಾನಸೌಧದ ಮೆಟ್ಟಿಲೇರಿದ ನನಗೆ ಟಿಕೆಟ್ಟಿನ ಹಂಗಿರಲಿಲ್ಲ. ಇದ್ದುದು ನಮ್ಮ ಹೊಳೆಗೊಂದು ಸೇತುವೆಯಾಗಬೇಕೆಂಬ ಹಟವೊಂದೇ.

ಆ ಹಟವು ಚುಕ್ಕೆ ಗುರುತಿನ ಪ್ರಶ್ನೆಯ ರೂಪ ತಾಳಿ ಸದನದ ಮುಂದೆ ಬಂದ ದಿನ, ನನಗಿಂತ ಮುಂಚಿನ ಸದಸ್ಯರು ಕೊಳವೆಬಾವಿಗಳ ವಿಷಯವಾಗಿ ಉಪಪ್ರಶ್ನೆಗಳ ಮಳೆಗರೆಯುತ್ತ ಪ್ರಶ್ನೋತ್ತರ ವೇಳೆಯ ಬಹುಭಾಗವನ್ನು ನುಂಗಿದ್ದರು. ಕಡೆಗೆ ನನ್ನ ಸರದಿ ಬಂದು, ಅಂದಾಜುಪಟ್ಟಿಯು ಪರಿಶೀಲನೆಯಲ್ಲಿದೆಯೆಂದು ಸಚಿವರು ಉತ್ತರವನ್ನೋದಿ ಕುಳಿತುಕೊಳ್ಳುವಷ್ಟರಲ್ಲಿ ನಾನೆದ್ದು, "ಮಾನ್ಯ ಸಭಾಧ್ಯಕ್ಷರೇ, ಈ ಆರ್ಥಿಕ ವರ್ಷದೊಳಗೆ ಕೆಲಸ ಆರಂಭಿಸುತ್ತಾರೆಯೋ ಇಲ್ಲವೋ, ಅಷ್ಟನ್ನೇ ಹೇಳಲಿ" ಎಂದೆನು. ಸಚಿವರು ಮೃದುಸ್ವಭಾವದವರು, "ಖಂಡಿತವಾಗಿ ಆರಂಭ..." ಎಂಬಲ್ಲಿಯವರೆಗೆ ಮಾತು ಬಂದಿತ್ತು. ಆಗ ಅಧಿಕಾರಿಗಳ ಗ್ಯಾಲರಿಯಿಂದ, ನಾಲ್ಕು ಮಡಿಕೆಯ ಚೀಟಿಯೊಂದು ಜವಾನನ ಕೈಯಲ್ಲಿ, ದೇವರ ಪ್ರಸಾದದಂತೆ ನಿಧಾನವಾಗಿ, ಸಾಲುಗಳ ನಡುವೆ ಇಳಿದುಬಂದಿತು. ಸಚಿವರು ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ಮಡಿಕೆ ಬಿಚ್ಚಿ, ಒಮ್ಮೆ ಹಿಂತಿರುಗಿ ನೋಡಿ, "...ಅನುದಾನದ ಲಭ್ಯತೆಯನ್ನು ನೋಡಿಕೊಂಡು ಯೋಚಿಸಲಾಗುವುದು" ಎಂದು ವಾಕ್ಯವನ್ನು ಮುಗಿಸಿದರು. ಮರುಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಪ್ರಶ್ನೋತ್ತರ ವೇಳೆ ಮುಗಿಯಿತೆಂದು ಪೀಠದಿಂದ ಘೋಷಣೆಯಾಯಿತು.

ಆ ಚೀಟಿಯನ್ನು ಬರೆದ ಮಹಾಶಯರು ಹಿಂದಿನ ವಾರವಷ್ಟೇ ಶಾಸಕರ ಭವನದ ನನ್ನ ಕೊಠಡಿಯಲ್ಲಿ ಕಾಫಿ ಕುಡಿದು, "ಆಗುತ್ತೆ ಬಿಡಿ ಸಾರ್" ಎಂದು ಹೇಳಿಹೋದವರೇ! ಖಚಿತವಾದ ಮಾತೊಂದು ನಡವಳಿಯಲ್ಲಿ ದಾಖಲಾಗಿದ್ದರೆ, ಅದು ಸರ್ಕಾರಿ ಭರವಸೆಗಳ ಸಮಿತಿಯ ಕೈಸೇರಿ, ಇಲಾಖೆಯು ಜವಾಬು ಹೇಳಬೇಕಾಗುತ್ತಿತ್ತೆಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಆದುದರಿಂದ, ಅಂದಾಜುಪಟ್ಟಿಯ ಪ್ರತಿಯನ್ನು ಕೈಯಲ್ಲಿ ಹಿಡಿದೇ ಸದನಕ್ಕೆ ಹೋಗಿರಿ. ಅಧಿಕಾರಿಯ ಬಾಯಿಮಾತನ್ನು ನಂಬದಿರಿ. ಸಹಿ ಮಾಡಿದ ಖಾಲಿ ಲೆಟರ್‌ಹೆಡ್ಡನ್ನು ಬಂಧುಗಳ ಕೈಗೆ ಕೊಡಲೇಬೇಡಿರಿ. ನನ್ನ ಷಡ್ಡಕನು ನನ್ನ ಮೇಜಿನಿಂದ ಅಂತಹವನ್ನೆತ್ತಿಕೊಂಡು, ಯಾರುಯಾರಿಗೋ ವರ್ಗಾವಣೆಯ ಶಿಫಾರಸು ಬರೆದುಕೊಟ್ಟು, ಸೇತುವೆಗಾಗಿ ನಾನು ಕಚೇರಿಗಳಿಗೆ ಹೋದಾಗಲೆಲ್ಲ ಗುಮಾಸ್ತರು ತುಟಿಯಂಚಿನಲ್ಲಿ ನಗುವಂತೆ ಮಾಡಿದ್ದನು.

ಪುನಃ ಪ್ರಶ್ನೆಯ ಸೂಚನೆ ಕೊಟ್ಟಿದ್ದೆ. ಅಷ್ಟರಲ್ಲಿ 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ನಾಲ್ಕೇ ದಕ್ಕಲು, ಆ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಜನಾದೇಶ ಕೋರಿದರು. ವಿಧಾನಸಭೆ ವಿಸರ್ಜನೆಯಾಗಿ, ಐದು ವರ್ಷಕ್ಕೆಂದು ಹೋದ ನಾವು ಎರಡೇ ವರ್ಷಕ್ಕೆ ಊರು ಸೇರಿದೆವು. ನನ್ನ ಸೂಚನೆಯೂ ಸಭೆಯೊಡನೆಯೇ ಬಿದ್ದುಹೋಯಿತು. 1985ರ ಮಾರ್ಚಿನಲ್ಲಿ ಅದೇ ಜನತಾ ಪಕ್ಷವು ಬಹುಮತದಿಂದ ಮರಳಿದ ಅಲೆಯಲ್ಲಿ ನಾನು ಸೋತೆನಾದರೂ, ಆರನೆಯ ಒಂದು ಪಾಲಿಗಿಂತ ಹೆಚ್ಚು ಮತ ಬಂದುದರಿಂದ 250 ರೂಪಾಯಿಯ ಠೇವಣಿ ಉಳಿಯಿತು. ಅದನ್ನು ವಾಪಸು ಪಡೆದು ಬರುವಾಗ ನೋಡಿದರೆ, ಷಡ್ಡಕನು ಗೆದ್ದವರ ಮನೆಯ ಜಗಲಿಯ ಮೇಲೆ ಕುಳಿತು ಯಾರದೋ ಅರ್ಜಿಯನ್ನು ಬರೆಯುತ್ತಿದ್ದನು.